ಹತ್ತು ದಿನದ ರಜೆಗೆ ಯಾವ ಕ್ರಿಸ್ಮಸ್ ಸಿನಿಮಾ? ಯಾವುದಕ್ಕೆ ಬರೀ ಹೆಸರು?

ಕಾಸರಗೋಡಿನ ಮಕ್ಕಳಿಗೆ ಓಣಂ ರಜೆ ಬಿಟ್ಟರೆ ನಡುವರ್ಷದ ದೊಡ್ಡ ರಜೆ ಎಂದರೆ ಕ್ರಿಸ್ಮಸ್ ರಜೆ. ಕನ್ನಡ ಮಾಧ್ಯಮದವರಿಗೂ ಅದೇ, ಮಲಯಾಳ ಮಾಧ್ಯಮದವರಿಗೂ ಅದೇ. ಅರ್ಧವಾರ್ಷಿಕ ಪರೀಕ್ಷೆಗೂ ಇಲ್ಲಿ ಕ್ರಿಸ್ಮಸ್ ಪರೀಕ್ಷೆ ಎಂದೇ ಹೆಸರು. ಅದು ಮುಗಿದದ್ದೇ ಮಂಜೇಶ್ವರದಿಂದ ಪೆರ್ಲ, ಬದಿಯಡ್ಕದವರೆಗೆ ಜಾತಿ ಮತ ಎನ್ನದೆ ಎಲ್ಲ ಮನೆಗಳಲ್ಲೂ ಮಕ್ಕಳು ಹತ್ತು ದಿನ ಟೀವಿ ಮುಂದೆ. ಬೇಳದಂಥ ಊರುಗಳಲ್ಲಿ ಇಗರ್ಜಿಯ ಸುತ್ತಲಿನ ಮನೆಗಳಿಗೆ ನಕ್ಷತ್ರದ ಗೂಡುದೀಪ ಏರುತ್ತದೆ, ಕುಸ್ವಾರಿನ (ಹಬ್ಬದ ತಿಂಡಿಗಳ) ತಟ್ಟೆ ಬೇಲಿ ದಾಟಿ ನೆರೆಮನೆಗೂ ಬರುತ್ತದೆ. ಆಗ ‘ಕ್ರಿಸ್ಮಸ್ ಸಿನಿಮಾ ಹಾಕಿ’ ಎಂಬ ಹಠ ಶುರು. ಹುಡುಕಿದರೆ ಸಿಗುವ ಪಟ್ಟಿಗಳೆಲ್ಲ ಹಿಮ ಬೀಳುವ ಊರಿನವರು ತಮ್ಮ ಬಾಲ್ಯವನ್ನು ನೆನೆದು ಮಾಡಿದವು. ನಮ್ಮಲ್ಲಿ ಆ ಹೊತ್ತಿಗೆ ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ. ಚಿಮಣಿಯಿಂದ ಇಳಿಯುವ ತಾತನ ನೆನಪು ಯಾರಿಗೂ ಇಲ್ಲ.

ಹಾಗಾಗಿ ಇಲ್ಲಿನ ತೂಕದ ಕಲ್ಲು ಬೇರೆ. ಹಿಮ, ಸಾಂತಾ, ಕಾಲುಚೀಲ ಇವೆಲ್ಲ ಗೊತ್ತಿಲ್ಲದವರಿಗೂ ಕತೆ ತನ್ನ ಕಾಲ ಮೇಲೆ ನಿಲ್ಲುತ್ತದೆಯೇ? ಇಂಗ್ಲಿಷ್ ಮಾತು ಅರ್ಧ ತಪ್ಪಿಹೋದರೂ ದೃಶ್ಯ ಉಳಿಯುತ್ತದೆಯೇ? ಅಜ್ಜಿ ಮತ್ತು ಮೂರನೇ ಕ್ಲಾಸಿನ ಮೊಮ್ಮಗು ಒಂದೇ ಚಾಪೆಯಲ್ಲಿ ಕೂತು ನೋಡಬಹುದೇ? ಹಳೆಯ ಹಾಲಿವುಡ್ ಚಿತ್ರಗಳಿಗೆ ಕನ್ನಡ ಧ್ವನಿಯಾಗಲಿ ಕನ್ನಡ ಉಪಶೀರ್ಷಿಕೆಯಾಗಲಿ ಸಿಗುವುದು ಅಪರೂಪ, ಆದ್ದರಿಂದ ಎರಡನೆಯ ಪ್ರಶ್ನೆಗೇ ಹೆಚ್ಚು ತೂಕ. ಈ ಮೂರನ್ನು ಇಟ್ಟು ನೋಡಿದರೆ ಪಟ್ಟಿಯ ಮೇಲಿದ್ದ ಕೆಲವು ದೊಡ್ಡ ಹೆಸರುಗಳು ಜಾರುತ್ತವೆ, ಕೆಳಗಿದ್ದ ಕೆಲವು ಮೇಲೇರುತ್ತವೆ.

ಮೊದಲ ರಾತ್ರಿಗೆ ‘ಕ್ಲೌಸ್’ (2019) ಹಾಕಿ. ಮೊದಲಿಗೇ ಇದನ್ನು ಹೇಳುವುದಕ್ಕೆ ಕಾರಣವಿದೆ. ಸಾಂತಾ ಯಾಕೆ ಚಿಮಣಿಯಲ್ಲಿ ಇಳಿಯುತ್ತಾನೆ, ಉಡುಗೊರೆ ಯಾಕೆ ಕಾಲುಚೀಲದಲ್ಲಿ, ಗಾಡಿಗೆ ಯಾಕೆ ಹಿಮಸಾರಂಗ, ಕೆಟ್ಟ ಮಕ್ಕಳ ಪಟ್ಟಿ ಎಲ್ಲಿಂದ ಬಂತು ಎಂದು ಮಕ್ಕಳು ಕೇಳುವ ಪ್ರಶ್ನೆಗಳಿಗೆಲ್ಲ ಈ ಚಿತ್ರ ಒಂದೊಂದು ಘಟನೆಯನ್ನು ಕಟ್ಟಿ ಉತ್ತರ ಕೊಡುತ್ತದೆ. ಮಾಯಮಂತ್ರವಿಲ್ಲ, ಒಂದು ಆಕಸ್ಮಿಕ ನಡೆಯುತ್ತದೆ, ಮರುದಿನ ಮಕ್ಕಳ ಬಾಯಲ್ಲಿ ಅದು ಕತೆಯಾಗುತ್ತದೆ. ಇದನ್ನು ನೋಡಿದ ಮೇಲೆ ಬೇರೆ ಯಾವ ಕ್ರಿಸ್ಮಸ್ ಸಿನಿಮಾ ನೋಡಿದರೂ ‘ಅದು ಯಾಕೆ ಹಾಗೆ’ ಎಂದು ನಡುವೆ ನಿಲ್ಲಿಸಬೇಕಾಗುವುದಿಲ್ಲ. ಕತೆ ಸರಳ: ಅಂಚೆ ಇಲಾಖೆಯ ದೊಡ್ಡ ಅಧಿಕಾರಿಯ ಸೋಮಾರಿ ಮಗ ಜೆಸ್ಪರನನ್ನು ಉತ್ತರ ಧ್ರುವದ ಹತ್ತಿರದ ದ್ವೀಪವೊಂದರ ಊರಿಗೆ ಅಟ್ಟುತ್ತಾರೆ. ಒಂದು ವರ್ಷದಲ್ಲಿ ಆರು ಸಾವಿರ ಕಾಗದ ಅಲ್ಲಿಂದ ಹೊರಡಬೇಕು, ಇಲ್ಲದಿದ್ದರೆ ಅಪ್ಪನ ಆಸ್ತಿ ಇಲ್ಲ. ಆ ಊರಲ್ಲಾದರೋ ಎರಡು ಮನೆತನಗಳ ಹಗೆ, ಒಬ್ಬರಿಗೊಬ್ಬರು ಕಾಗದ ಬರೆಯುವವರೇ ಇಲ್ಲ. ಮಕ್ಕಳನ್ನು ಶಾಲೆಗೆ ಕಳುಹಿಸದ ಕಾರಣ ಟೀಚರು ತರಗತಿಯಲ್ಲೇ ಮೀನು ಕೊಯ್ದು ಮಾರುತ್ತಾಳೆ. ಮಕ್ಕಳಿಲ್ಲದೆ ಶಾಲೆ ಏನಾಗುತ್ತದೆ ಎಂಬುದನ್ನು ಗಡಿನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಈ ದೃಶ್ಯ ಇಲ್ಲಿ ತುಸು ಆಳಕ್ಕೇ ಇಳಿಯುತ್ತದೆ.

ಇದರ ಜೀವ ಇರುವುದು ಮಾರ್ಗು ಎಂಬ ಪುಟ್ಟ ಹುಡುಗಿಯಲ್ಲಿ. ಅವಳು ಉತ್ತರ ಯುರೋಪಿನ ಸಾಮಿ ಜನಾಂಗದವಳು, ಮಾತಾಡುವುದು ಸಾಮಿ ಭಾಷೆ ಮಾತ್ರ. ಅವಳ ಮಾತಿಗೆ ಉಪಶೀರ್ಷಿಕೆ ಕೊಟ್ಟಿಲ್ಲ. ಜೆಸ್ಪರನಿಗೆ ಒಂದಕ್ಷರ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ಆದರೆ ಅವಳಿಗೆ ಏನು ಬೇಕೆಂದು ಅವನಿಗಿಂತ ಮುಂಚೆ ನೋಡುವ ಮಕ್ಕಳಿಗೆ ಗೊತ್ತಾಗುತ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ನೆರೆಮನೆಯಲ್ಲಿ ಕೊಂಕಣಿ ಅಥವಾ ಬ್ಯಾರಿ ಕೇಳಿ ಬೆಳೆದ ಮಕ್ಕಳಿಗೆ ಈ ಹುಡುಗಿ ತಕ್ಷಣ ಹತ್ತಿರವಾಗುತ್ತಾಳೆ. ಚಿತ್ರದ ಕೆಲಸಗಾರಿಕೆಯೂ ಗಮನಿಸುವಂಥದ್ದು. ನೋಡಲು ತ್ರೀಡಿ ಅನಿಮೇಷನ್ ಎನಿಸಿದರೂ ಇದು ಕೈಯಲ್ಲಿ ಗೆರೆ ಎಳೆದು ಮಾಡಿದ್ದು. ಗೆರೆಗಳ ಮೇಲೆ ಬೆಳಕು ನೆರಳನ್ನು ಕೂರಿಸಲು ನಿರ್ದೇಶಕ ಸೆರ್ಜಿಯೊ ಪಾಬ್ಲೋಸ್ ತಂಡ ಬೇರೆಯೇ ತಂತ್ರಾಂಶ ಬಳಸಿತು. ಬ್ರಿಟನ್ನಿನ ಬಾಫ್ತಾ ಪ್ರಶಸ್ತಿ ಬಂತು, ಆಸ್ಕರ್‌ಗೆ ನಾಮನಿರ್ದೇಶನವಾಯಿತು. ಒಂದು ಗಂಟೆ ಮೂವತ್ತೇಳು ನಿಮಿಷ. ನೆಟ್‌ಫ್ಲಿಕ್ಸ್‌ನದೇ ಚಿತ್ರವಾದ್ದರಿಂದ ವರ್ಷವರ್ಷ ವೇದಿಕೆ ಬದಲಾಗುವ ತಾಪತ್ರಯವೂ ಇಲ್ಲ. ಮೊದಲ ಇಪ್ಪತ್ತು ನಿಮಿಷ ಊರು ಕತ್ತಲೆ, ಜನ ಒರಟು. ಐದು ವರ್ಷದೊಳಗಿನ ಮಕ್ಕಳು ಅಲ್ಲಿ ಹೆದರಿದರೆ ಆಟಿಕೆ ತಯಾರಕ ಕ್ಲೌಸನ ಮನೆ ಬರುವವರೆಗೆ ಮಡಿಲಲ್ಲಿ ಕೂರಿಸಿಕೊಳ್ಳಿ, ಆಮೇಲೆ ಬೇಕಾಗುವುದಿಲ್ಲ.

‘ಹೋಮ್ ಅಲೋನ್’ (1990) ಎಲ್ಲರೂ ನೋಡಿದ್ದೇ, ಆದರೂ ಅದರ ಹೆಸರು ಪೂರ್ತಿ ನ್ಯಾಯವಾದದ್ದು. ಕಳ್ಳರು ಬೀಳುವುದು ಏಳುವುದು ನೆನಪಿರುತ್ತದೆ. ಚಿತ್ರ ನಿಂತಿರುವುದು ಮೊದಲ ಅರ್ಧ ಗಂಟೆಯ ಬಿಗಿಯಾದ ಕಟ್ಟುವಿಕೆಯ ಮೇಲೆ. ಎಂಟು ವರ್ಷದ ಮಗುವನ್ನು ಮನೆಯಲ್ಲೇ ಮರೆತು ಕುಟುಂಬವೆಲ್ಲ ವಿಮಾನ ಹತ್ತುತ್ತದೆ ಎಂದರೆ ನಂಬುವವರು ಯಾರು? ಬರೆದ ಜಾನ್ ಹ್ಯೂಸ್ ಒಂದೊಂದೇ ತೂತು ಮುಚ್ಚುತ್ತಾ ಬರುತ್ತಾರೆ. ಹಿಂದಿನ ರಾತ್ರಿ ಊಟದ ಜಗಳದಲ್ಲಿ ಹಾಲು ಚೆಲ್ಲುತ್ತದೆ. ಅದನ್ನು ಒರೆಸುವಾಗ ಕೆವಿನ್‌ನ ಟಿಕೆಟು ಕಾಗದದ ಜೊತೆ ಕಸದ ಬುಟ್ಟಿಗೆ ಹೋಗುತ್ತದೆ, ಹಾಗಾಗಿ ವಿಮಾನ ನಿಲ್ದಾಣದಲ್ಲಿ ಒಂದು ಟಿಕೆಟು ಉಳಿಯುವುದಿಲ್ಲ. ರಾತ್ರಿ ಗಾಳಿಗೆ ತಂತಿ ತುಂಡಾಗಿ ಕರೆಂಟು ಹೋಗುತ್ತದೆ, ಅಲಾರಂ ಹೊಡೆಯುವುದಿಲ್ಲ. ಅವಸರದಲ್ಲಿ ತಲೆ ಎಣಿಸುವಾಗ ನೆರೆಮನೆಯ ಹುಡುಗನೊಬ್ಬ ಲೆಕ್ಕಕ್ಕೆ ಸೇರಿಬಿಡುತ್ತಾನೆ. ಕರೆಂಟು ಬೇಗ ಬಂದರೂ ಫೋನು ಸರಿಯಾಗಲು ದಿನಗಳು ಬೇಕು, ಅದಕ್ಕೇ ಅಮ್ಮನಿಗೆ ಮನೆಗೆ ಫೋನು ಮಾಡಲು ಆಗುವುದಿಲ್ಲ. ಮಕ್ಕಳಿಗೆ ಈ ಕೊಂಡಿಗಳನ್ನು ಹುಡುಕಲು ಹೇಳಿ, ಎರಡನೇ ಸಲ ನೋಡುವಾಗ ಚಿತ್ರ ಹೊಸದಾಗುತ್ತದೆ.

ಮೆಟ್ಟಿಲ ಮೇಲಿನ ಬಣ್ಣದ ಡಬ್ಬಿ, ಬಿಸಿ ಬಾಗಿಲಹಿಡಿ ಇವೆಲ್ಲ ಬರುವುದು ಕೊನೆಯ ಭಾಗದಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಇಗರ್ಜಿಯ ದೃಶ್ಯವಿದೆ. ಚಿತ್ರದ ನಡುಗಂಬ ಅದು. ಊರೆಲ್ಲ ಕೊಲೆಗಾರ ಎಂದು ಹೆದರುವ ಮುದುಕ, ಹಾಡಿನ ಗುಂಪಿನಲ್ಲಿರುವ ಮೊಮ್ಮಗಳನ್ನು ನೋಡಲು ಕದ್ದು ಬಂದಿರುತ್ತಾನೆ, ಮಗನ ಜೊತೆ ಮಾತು ಬಿಟ್ಟಿರುತ್ತಾನೆ. ಹುಡುಗ ಅವನಿಗೆ ಕೊಡುವ ಸಲಹೆ ತನಗೂ ಬೇಕಾದದ್ದೇ. ಅಲ್ಲಿ ಯಾರೂ ಎದ್ದು ಚಾ ಮಾಡಲು ಹೋಗದಂತೆ ನೋಡಿಕೊಳ್ಳಿ. ಜಾನ್ ವಿಲಿಯಮ್ಸ್ ಅವರ ಸಂಗೀತಕ್ಕೆ ಆಸ್ಕರ್ ನಾಮನಿರ್ದೇಶನ ಆಗಿತ್ತು; ಆ ಸಂಗೀತದ ಬೆಲೆ ತಿಳಿಯುವುದೂ ಇದೇ ದೃಶ್ಯದಲ್ಲಿ. ಚಿತ್ರ ಮುಗಿದ ಮೇಲೆ ಒಂದು ಎಚ್ಚರಿಕೆ ಮಾತ್ರ ಬೇಕು: ತಲೆಗೆ ಇಸ್ತ್ರಿಪೆಟ್ಟಿಗೆ ಬೀಳುವುದು, ಮೆಟ್ಟಿಲಿಗೆ ನೀರು ಸುರಿಯುವುದು, ಬೆಂಕಿ ಉಗುಳುವ ಟಾರ್ಚು ಇವೆಲ್ಲ ಸಾಹಸ ಕಲಾವಿದರು ಮಾಡಿದ್ದು, ನಿಜದಲ್ಲಿ ಒಂದೊಂದೂ ಆಸ್ಪತ್ರೆಗೆ ಸೇರಿಸುವಂಥದ್ದು ಎಂದು ಹೇಳಿಬಿಡಿ. ನಮ್ಮ ಮನೆಗಳಲ್ಲಿ ಅಟ್ಟದ ಏಣಿ, ಪಾಚಿಗಟ್ಟಿದ ಅಂಗಳ ಎರಡೂ ಇವೆ.

ಎರಡನೆಯ ಭಾಗ (1992) ಬೇಡ. ಅದೇ ತಪ್ಪು, ಅದೇ ಕಳ್ಳರು, ಮುದುಕನ ಜಾಗದಲ್ಲಿ ಪಾರಿವಾಳದ ಹೆಂಗಸು, ಮನೆಯ ಜಾಗದಲ್ಲಿ ನ್ಯೂಯಾರ್ಕು. ಹದಿನೇಳು ನಿಮಿಷ ಹೆಚ್ಚು ಉದ್ದ. ಮೊದಲನೆಯದರಲ್ಲಿ ಹುಡುಗ ತನ್ನ ಮನೆಯನ್ನು ಕಾಯುತ್ತಿದ್ದ, ಹಾಗಾಗಿ ಬಲೆಗಳಿಗೆ ಒಂದು ನ್ಯಾಯವಿತ್ತು. ಇಲ್ಲಿ ಅವನೇ ಕಳ್ಳರನ್ನು ಖಾಲಿ ಮನೆಗೆ ಕರೆದು ಮೇಲಿನಿಂದ ಇಟ್ಟಿಗೆ ಎಸೆಯುತ್ತಾನೆ. ನಗು ಅಲ್ಲೇ ಸ್ವಲ್ಪ ಕಹಿಯಾಗುತ್ತದೆ.

ಇನ್ನು ‘ಇಟ್ಸ್ ಎ ವಂಡರ್‌ಫುಲ್ ಲೈಫ್’ (1946). ಕಪ್ಪುಬಿಳುಪು, ಎರಡು ಗಂಟೆ ಹತ್ತು ನಿಮಿಷ, ಇಂಗ್ಲಿಷ್ ಮಾತು ಧಾರಾಳ. ನಮ್ಮ ಮೂರು ಪ್ರಶ್ನೆಗಳಲ್ಲಿ ಎರಡರಲ್ಲಿ ಇದು ಸೋಲಬೇಕಿತ್ತು. ಆದರೆ ಕಾಸರಗೋಡಿನವರಿಗೆ ಈ ಚಿತ್ರ ಅಮೆರಿಕದವರಿಗಿಂತ ಬೇಗ ಅರ್ಥವಾಗುವುದಕ್ಕೆ ಒಂದು ದಾರಿ ಇದೆ: ನಾಯಕ ಜಾರ್ಜ್ ಬೇಯ್ಲಿ ನಡೆಸುವ ಸಂಸ್ಥೆ ನಮ್ಮ ಊರಿನ ಸೊಸೈಟಿಯ ಹಾಗೆಯೇ. ಸದಸ್ಯರ ಠೇವಣಿಯಿಂದ ಸದಸ್ಯರಿಗೇ ಮನೆ ಕಟ್ಟಲು ಸಾಲ. ಇಷ್ಟನ್ನು ಮೊದಲೇ ಹೇಳಿ ಕೂರಿಸಿದರೆ ಹಿರಿಯರು ಕದಲುವುದಿಲ್ಲ. ಮದುವೆಯ ದಿನವೇ ಜನ ಹೆದರಿ ದುಡ್ಡು ವಾಪಸು ಕೇಳಲು ನುಗ್ಗುತ್ತಾರೆ. ನಿಮ್ಮ ದುಡ್ಡು ಇಲ್ಲಿ ಪೆಟ್ಟಿಗೆಯಲ್ಲಿಲ್ಲ, ನೆರೆಯವನ ಮನೆಯ ಗೋಡೆಯಲ್ಲಿದೆ ಎಂದು ಜಾರ್ಜ್ ವಿವರಿಸುತ್ತಾನೆ. ಕೊನೆಗೆ ಮದುವೆ ಪ್ರವಾಸಕ್ಕೆ ಇಟ್ಟ ಎರಡು ಸಾವಿರ ಡಾಲರನ್ನೇ ಹಂಚುತ್ತಾನೆ. ಮೊದಲ ಮನುಷ್ಯ ತನ್ನ ಪೂರ್ತಿ 242 ಡಾಲರ್ ಬೇಕೆಂದು ಹಠ ಹಿಡಿಯುತ್ತಾನೆ. ಆಮೇಲೆ ಒಬ್ಬ ವಯಸ್ಸಾದ ಹೆಂಗಸು ಹದಿನೇಳೂವರೆ ಸಾಕು ಎನ್ನುತ್ತಾಳೆ. ಸಂಜೆ ಬಾಗಿಲು ಮುಚ್ಚುವಾಗ ಉಳಿದದ್ದು ಎರಡೇ ಡಾಲರ್. ಹಣಕಾಸಿನ ಸಂಸ್ಥೆ ಬದುಕುವುದು ನಂಬಿಕೆಯ ಮೇಲೆ ಎಂಬುದನ್ನು ಇಷ್ಟು ಚಂದ ತೋರಿಸಿದ ದೃಶ್ಯ ಸಿನಿಮಾದಲ್ಲಿ ಬೇರೆ ಇದೆ ಎಂದು ಅನಿಸುವುದಿಲ್ಲ.

ಈ ಚಿತ್ರ ಬಂದಾಗ ಹಾಕಿದ ಬಂಡವಾಳ ಬರಲಿಲ್ಲ. 1974ರಲ್ಲಿ ಹಕ್ಕುಸ್ವಾಮ್ಯವನ್ನು ನವೀಕರಿಸದೆ ಬಿಟ್ಟುಹೋದ ಕಾರಣ ಅಮೆರಿಕದ ಟೀವಿ ಕೇಂದ್ರಗಳು ಡಿಸೆಂಬರಿನಲ್ಲಿ ಪುಕ್ಕಟೆಯಾಗಿ ಮತ್ತೆ ಮತ್ತೆ ಹಾಕಿದವು, ಹಾಗೆಯೇ ಮನೆಮಾತಾಯಿತು. ಚಿತ್ರೀಕರಣ ನಡೆದದ್ದು ಬೇಸಿಗೆಯಲ್ಲಿ. ಆ ಕಾಲದ ಸಿನಿಮಾಗಳಲ್ಲಿ ಹಿಮಕ್ಕೆ ಬಿಳಿ ಬಣ್ಣ ಹಚ್ಚಿದ ಕಾರ್ನ್‌ಫ್ಲೇಕ್ಸ್ ಸುರಿಯುತ್ತಿದ್ದರು. ನಡೆದರೆ ಕರಕರ ಸದ್ದು, ಮಾತು ಮತ್ತೆ ಧ್ವನಿಮುದ್ರಿಸಬೇಕಿತ್ತು. ಈ ತಂಡ ಬೆಂಕಿ ಆರಿಸುವ ನೊರೆಗೆ ಸಾಬೂನು, ನೀರು ಬೆರೆಸಿ ಸದ್ದಿಲ್ಲದ ಹಿಮ ಮಾಡಿತು, ಅದಕ್ಕೆ ಆಸ್ಕರ್ ಕೊಡುವ ಅಕಾಡೆಮಿಯ ತಾಂತ್ರಿಕ ಮನ್ನಣೆಯೂ ಸಿಕ್ಕಿತು. ಕೊನೆಯಲ್ಲಿ ಜಾರ್ಜ್ ಹಿಮದಲ್ಲಿ ಓಡುತ್ತಾ ಕೂಗುವ ಮಾತುಗಳು ಸ್ಪಷ್ಟವಾಗಿ ಕೇಳಿಸುತ್ತವಲ್ಲ, ಆ ನೊರೆಯ ಉಪಕಾರ ಅದು.

ನೋಡುವ ಕ್ರಮ ಹೀಗಿರಲಿ. ಚಿತ್ರದ ಅವಧಿ ನೋಡಿ. 130 ನಿಮಿಷ ಇರಬೇಕು. ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕತ್ತರಿಸಿದ ಪ್ರತಿಯೊಂದು ಚಲಾವಣೆಯಲ್ಲಿದೆ. ಅದರಲ್ಲಿ ಜಾರ್ಜ್ ಹುಟ್ಟಿರದಿದ್ದರೆ ಊರು ಹೇಗಿರುತ್ತಿತ್ತು ಎಂಬ ಭಾಗವೇ ಇಲ್ಲ, ಆಗ ಕೊನೆಯ ಸಂತೋಷಕ್ಕೆ ಕಾರಣವೇ ತಿಳಿಯುವುದಿಲ್ಲ. ಬಣ್ಣ ಹಚ್ಚಿದ ಪ್ರತಿಯೂ ಬೇಡ. ಕಪ್ಪುಬಿಳುಪಿಗೆಂದು ಇಟ್ಟ ದೀಪಗಳ ಮೇಲೆ ಬಣ್ಣ ಸವರಿದರೆ ಮುಖಗಳು ಸಪ್ಪೆಯಾಗುತ್ತವೆ. ಒಂದೇ ರಾತ್ರಿಗೆ ಮುಗಿಸುವ ಹಠ ಬೇಡ. ದುಡ್ಡು ಕೇಳಲು ಜನ ನುಗ್ಗುವ ದೃಶ್ಯ ಮುಗಿದು, ಸೋರುವ ಹಳೆಯ ಮನೆಯಲ್ಲಿ ಹೊಸ ಸಂಸಾರ ಶುರುವಾಗುವಲ್ಲಿಗೆ ನಿಲ್ಲಿಸಿ, ಉಳಿದದ್ದು ಮರುದಿನಕ್ಕೆ. ಎರಡನೇ ಭಾಗದಲ್ಲಿ ಜಾರ್ಜ್ ಸಾಯಲು ಹೊರಟು ಸೇತುವೆಯ ಮೇಲೆ ನಿಲ್ಲುತ್ತಾನೆ. ಹತ್ತು ವರ್ಷದೊಳಗಿನವರಿಗೆ ಇದು ಭಾರ. ಹದಿಹರೆಯದವರ ಜೊತೆ ದೊಡ್ಡವರು ಕೂತಿರಬೇಕು, ಮುಗಿದ ಮೇಲೆ ಮಾತಾಡಬೇಕು. ಜಾರ್ಜ್‌ನ ಸಂಸ್ಥೆಯ ಎಂಟು ಸಾವಿರ ಡಾಲರ್ ಎತ್ತಿಟ್ಟುಕೊಂಡ ಸಾಹುಕಾರನಿಗೆ ಚಿತ್ರದಲ್ಲಿ ಶಿಕ್ಷೆಯೇ ಆಗುವುದಿಲ್ಲ, ಮಕ್ಕಳು ಖಂಡಿತ ಕೇಳುತ್ತಾರೆ. ಅದು ಚಿತ್ರದ ಕೊರತೆ ಅಲ್ಲ. ಕತೆಗೆ ಅವನಿಗಿಂತ ಊರಿನವರು ಮುಖ್ಯ.

‘ಮಿರಾಕಲ್ ಆನ್ ಥರ್ಟಿಫೋರ್ತ್ ಸ್ಟ್ರೀಟ್’ ಎರಡಿವೆ, 1947ರದ್ದು ಮತ್ತು 1994ರದ್ದು. ಹಳೆಯದನ್ನೇ ಆರಿಸಿ. ಹದಿನೆಂಟು ನಿಮಿಷ ಚಿಕ್ಕದು, ಕೋರ್ಟಿನ ಜಗಳ ಚುರುಕು, ಸಾಂತಾ ಆದ ಎಡ್ಮಂಡ್ ಗ್ವೆನ್ ಅವರಿಗೆ ಪೋಷಕ ನಟ ಆಸ್ಕರ್ ಬಂದದ್ದು ಸುಮ್ಮನೆ ಅಲ್ಲ. ಅಂಗಡಿ ನಡೆಸುವವರು ಇದನ್ನು ನೋಡಲೇಬೇಕು: ದೊಡ್ಡ ಮಳಿಗೆಯಲ್ಲಿ ಸಾಂತಾ ವೇಷಕ್ಕೆ ಕೂರಿಸಿದ ಮುದುಕ, ಇಲ್ಲಿ ಆ ಆಟಿಕೆ ಇಲ್ಲ, ಎದುರಿನ ಅಂಗಡಿಯಲ್ಲಿದೆ ಎಂದು ಗಿರಾಕಿಗಳನ್ನು ಕಳುಹಿಸಲು ತೊಡಗುತ್ತಾನೆ, ವ್ಯಾಪಾರ ಹೆಚ್ಚುತ್ತದೆ. ಆದರೆ ಮನಸ್ಸಿನಲ್ಲಿ ನಿಲ್ಲುವುದು ಇನ್ನೊಂದು ದೃಶ್ಯ. ಯುದ್ಧದಲ್ಲಿ ಅನಾಥಳಾಗಿ ಹಾಲೆಂಡಿನಿಂದ ಬಂದ ಪುಟ್ಟ ಹುಡುಗಿಯನ್ನು ಅವನ ಮುಂದೆ ಕರೆತರುತ್ತಾರೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಜೊತೆಗೆ ಬಂದವಳು ಸಂಕೋಚದಿಂದ ಹೇಳುತ್ತಿರುವಾಗಲೇ ಅವನು ಡಚ್ ಭಾಷೆಯಲ್ಲಿ ಮಾತಾಡಿ, ಅವಳ ಜೊತೆ ಹಾಡುತ್ತಾನೆ. ದೂರದಲ್ಲಿ ನಿಂತು ನೋಡುವ, ಸಾಂತಾನನ್ನು ನಂಬದ ಹುಡುಗಿಯ ಮುಖ ಗಮನಿಸಿ. ಈ ಮಾತಿಗೂ ಅನುವಾದ ಕೊಟ್ಟಿಲ್ಲ. 1994ರ ಚಿತ್ರದಲ್ಲಿ ಈ ಜಾಗಕ್ಕೆ ಕಿವಿ ಕೇಳದ ಹುಡುಗಿ ಮತ್ತು ಕೈಸನ್ನೆಯ ಭಾಷೆ ಬರುತ್ತದೆ. ಆ ಒಂದು ದೃಶ್ಯ ಮಾತ್ರ ಹೊಸದರಲ್ಲೂ ಸೊಗಸು.

‘ಆರ್ಥರ್ ಕ್ರಿಸ್ಮಸ್’ (2011) ಯಾರೂ ಸಾಕಷ್ಟು ಹೊಗಳದ ಚಿತ್ರ. ಕೋಟಿಗಟ್ಟಲೆ ಉಡುಗೊರೆ ಹಂಚಿ ಮುಗಿದ ಮೇಲೆ ಒಂದು ಸೈಕಲ್ ಉಳಿದುಹೋಗಿದೆ. ಅಪ್ಪನಿಗೆ ನಿದ್ದೆ ಮುಖ್ಯ, ಹಿರಿಮಗನಿಗೆ ಲೆಕ್ಕದಲ್ಲಿ ಒಂದು ಏನೂ ಅಲ್ಲ, ಅಜ್ಜನಿಗೆ ತನ್ನ ಹಳೆಯ ಗಾಡಿಯೇ ಮೇಲೆಂದು ತೋರಿಸಬೇಕು, ಕಿರಿಮಗನಿಗೆ ಮಾತ್ರ ಆ ಮಗು ಬೆಳಗ್ಗೆ ಎದ್ದಾಗ ಏನಾಗಬಹುದೆಂಬ ಚಿಂತೆ. ಕೂಡುಕುಟುಂಬದಲ್ಲಿ ಇದ್ದವರಿಗೆ ಊಟದ ಮೇಜಿನ ಜಗಳ ಒಂದೇ ಸಾಕು. ಮಾತು ವೇಗವಾಗಿದೆ, ಆದರೆ ಓಟ ಕಣ್ಣಿಗೆ ತಿಳಿಯುತ್ತದೆ. ಇಂಗ್ಲಿಷ್ ಚೆನ್ನಾಗಿ ಹಿಡಿಯುವ ಮಕ್ಕಳಿದ್ದರೆ ‘ದ ಮಪೆಟ್ ಕ್ರಿಸ್ಮಸ್ ಕ್ಯಾರೊಲ್’ (1992) ಕೂಡ ಸೇರಿಸಿ. ಡಿಕನ್ಸ್ 1843ರಲ್ಲಿ ಬರೆದ ಜಿಪುಣನ ಕತೆ, ಬೊಂಬೆಗಳ ನಡುವೆ ಮೈಕಲ್ ಕೇನ್ ಎಲ್ಲೂ ತಮಾಷೆಗೆ ಇಳಿಯದೆ ಗಂಭೀರವಾಗಿ ನಟಿಸಿದ್ದಾರೆ, ಅದೇ ಚಿತ್ರವನ್ನು ಎತ್ತಿದೆ.

ಈಗ ಹೆಸರು ಹೆಚ್ಚು, ಹುರುಳು ಕಡಿಮೆ ಎಂಬವು. ‘ಲವ್ ಆಕ್ಚುವಲಿ’ (2003) ಮೊದಲನೆಯದು. ಪ್ರತಿ ವರ್ಷ ಎಲ್ಲ ಪಟ್ಟಿಗಳಲ್ಲೂ ಇರುತ್ತದೆ, ಪೋಸ್ಟರಿಗೆ ಕೆಂಪು ರಿಬ್ಬನ್ ಕಟ್ಟಿರುತ್ತದೆ, ಹಾಗಾಗಿ ಮನೆಮಂದಿ ಎಲ್ಲ ಕೂತು ಹಾಕಿಬಿಡುತ್ತಾರೆ. ಬೇಡ. ನಗ್ನ ದೃಶ್ಯಗಳಿವೆ, ಅವೂ ಶುರುವಿನಲ್ಲೇ ಬರುತ್ತವೆ. ಅದನ್ನು ಬಿಟ್ಟು ದೊಡ್ಡವರಾಗಿ ನೋಡಿದರೂ ಎರಡೂಕಾಲು ಗಂಟೆಯಲ್ಲಿ ಹತ್ತಿರ ಹತ್ತಿರ ಹತ್ತು ಕತೆ, ಒಂದಕ್ಕೂ ಉಸಿರಾಡಲು ಜಾಗ ಇಲ್ಲ. ಹಲವು ಕತೆಗಳಲ್ಲಿ ಗಂಡಸು ನೋಡಿ ಮೆಚ್ಚುತ್ತಾನೆ, ಹೆಂಗಸಿಗೆ ಮಾತೇ ಇರುವುದಿಲ್ಲ. ಗೆಳೆಯನ ಹೆಂಡತಿಯ ಬಾಗಿಲಿಗೆ ಹೋಗಿ ಫಲಕ ಹಿಡಿದು ಪ್ರೀತಿ ಹೇಳುವುದನ್ನು ಪ್ರಣಯ ಎಂದು ತೋರಿಸಿದ್ದು ಇವತ್ತಿಗೆ ಸಹಿಸಲು ಕಷ್ಟ. ಇಡೀ ಚಿತ್ರದಲ್ಲಿ ಎಮ್ಮಾ ಥಾಂಪ್ಸನ್ ಅವರ ಕತೆ ಒಂದು ಬಂಗಾರ. ಗಂಡನ ಕೋಟಿನ ಕಿಸೆಯಲ್ಲಿ ಸರ ನೋಡಿದ್ದಾಳೆ. ಹಬ್ಬದ ಮುನ್ನಾದಿನ ತನಗೆ ಸಿಕ್ಕಿದ್ದು ಹಾಡಿನ ಸಿಡಿ. ಕೋಣೆಗೆ ಹೋಗಿ ಅಳುತ್ತಾಳೆ, ಹಾಸಿಗೆಯ ಹೊದಿಕೆ ನೇರ ಮಾಡುತ್ತಾಳೆ, ಮುಖ ಒರೆಸಿಕೊಂಡು ಮಕ್ಕಳನ್ನು ಶಾಲೆಯ ನಾಟಕಕ್ಕೆ ಹೊರಡಿಸುತ್ತಾಳೆ. ಆ ಮೂರು ನಿಮಿಷಕ್ಕೆ ಎಷ್ಟು ಹೊಗಳಿದರೂ ಕಡಿಮೆ, ಉಳಿದದ್ದಕ್ಕೆ ಅಲ್ಲ.

‘ದ ಪೋಲಾರ್ ಎಕ್ಸ್‌ಪ್ರೆಸ್’ (2004) ಮಕ್ಕಳ ಚಿತ್ರವೆಂದು ಶಾಲೆಗಳಲ್ಲೂ ಹಾಕುತ್ತಾರೆ. ನಟರ ಮೈಗೆ ಗುರುತು ಅಂಟಿಸಿ ಚಲನೆಯನ್ನು ಕಂಪ್ಯೂಟರಿಗೆ ತೆಗೆದುಕೊಂಡ ಆರಂಭಕಾಲದ ಪ್ರಯೋಗ ಅದು; ಟಾಮ್ ಹ್ಯಾಂಕ್ಸ್ ಒಬ್ಬರೇ ಐದಾರು ಪಾತ್ರ. ಮೈ ಸರಿಯಾಗಿ ಆಡುತ್ತದೆ, ಕಣ್ಣು ಆಡುವುದಿಲ್ಲ. ಮುಖ ನಗುತ್ತಿದ್ದರೂ ಕಣ್ಣು ಎಲ್ಲೋ ನೆಟ್ಟಿರುತ್ತದೆ, ಚಿಕ್ಕ ಮಕ್ಕಳು ಕಾರಣ ಹೇಳಲಾಗದೆ ಹೆದರುವುದು ಅದಕ್ಕೇ. ಮೂವತ್ತೆರಡು ಪುಟದ ಚಿತ್ರಪುಸ್ತಕದ ಕತೆಯನ್ನು ನೂರು ನಿಮಿಷಕ್ಕೆ ಎಳೆದ ಕಾರಣ ನಡುನಡುವೆ ರೈಲು ಹಳಿ ತಪ್ಪುವುದೇ ಕೆಲಸ. ಹೆಪ್ಪುಗಟ್ಟಿದ ನೀರಿನ ಮೇಲೆ ರೈಲು ಜಾರುವ ದೃಶ್ಯ ದೊಡ್ಡ ಪರದೆಯಲ್ಲಿ ಚಂದ, ಅಷ್ಟೇ.

ಜಿಮ್ ಕ್ಯಾರಿಯ ‘ಗ್ರಿಂಚ್’ (2000) ಮೇಕಪ್ಪಿಗೆ ಆಸ್ಕರ್ ಪಡೆದದ್ದು ನ್ಯಾಯ. ಚಿತ್ರ ಮಾತ್ರ ಬೊಬ್ಬೆ. ಅದೇ ಕತೆಯನ್ನು 1966ರಲ್ಲಿ ಚಕ್ ಜೋನ್ಸ್ ಇಪ್ಪತ್ತಾರು ನಿಮಿಷದಲ್ಲಿ ಹೇಳಿ ಮುಗಿಸಿದ್ದಾರೆ. ರಾತ್ರಿ ಊಟಕ್ಕೆ ಮುಂಚೆ ಅದನ್ನು ಹಾಕಿ, ಅನ್ನ ಬಡಿಸುವಷ್ಟರಲ್ಲಿ ಮುಗಿಯುತ್ತದೆ. ‘ವೈಟ್ ಕ್ರಿಸ್ಮಸ್’ (1954) ಪೂರ್ತಿ ನಿಂತಿರುವುದು ಹಿಮ ಬೀಳಲಿ ಎಂಬ ಹಂಬಲದ ಮೇಲೆ; ಆ ಹಂಬಲ ಇಲ್ಲದವರಿಗೆ ಎರಡು ಗಂಟೆ ಉದ್ದವಾಯಿತು. ಹಾಡು ಒಂದು ಕೇಳಿದರೆ ಸಾಕು, ಅದೂ ಮೊದಲು ಬಂದದ್ದು ಈ ಚಿತ್ರಕ್ಕಲ್ಲ, 1942ರ ‘ಹಾಲಿಡೇ ಇನ್’ಗೆ. ‘ಡೈ ಹಾರ್ಡ್’ (1988) ಕ್ರಿಸ್ಮಸ್ ಚಿತ್ರವೇ ಅಲ್ಲವೇ ಎಂಬ ಚರ್ಚೆ ಮುಗಿಯುವಂಥದ್ದಲ್ಲ. ಅದು ಜುಲೈಯಲ್ಲಿ ಬಿಡುಗಡೆಯಾದ ಒಳ್ಳೆಯ ಹೊಡೆದಾಟದ ಚಿತ್ರ, ಮಕ್ಕಳು ಮಲಗಿದ ಮೇಲೆ ನೋಡಿ.

ಕೇರಳದಲ್ಲಿ ಕ್ರಿಸ್ಮಸ್ ಸಿನಿಮಾ ಎಂದರೆ ಇನ್ನೊಂದು ಅರ್ಥವೂ ಇದೆ, ಹಬ್ಬಕ್ಕೆ ಬಿಡುಗಡೆಯಾದದ್ದು. ಕನ್ನಡದ ‘ಆಪ್ತಮಿತ್ರ’ಕ್ಕೆ ಮೂಲವಾದ ‘ಮಣಿಚಿತ್ರತ್ತಾಳ್’ 1993ರ ಕ್ರಿಸ್ಮಸ್ ಹೊತ್ತಿಗೆ ಬಂದದ್ದು. ಈ ಸಾಲಿನಲ್ಲಿ ಮನೆಗೆ ತಕ್ಕದ್ದು ‘ಮಿನ್ನಲ್ ಮುರಳಿ’. 2021ರ ಡಿಸೆಂಬರ್ 24ಕ್ಕೆ ನೆಟ್‌ಫ್ಲಿಕ್ಸಿಗೆ ಬಂತು, ಕತೆಯೊಳಗೂ ಕ್ರಿಸ್ಮಸ್ ಇದೆ, ಕನ್ನಡ ಧ್ವನಿಯೂ ಇದೆ. ಹಳ್ಳಿಯ ದರ್ಜಿಗೆ ಸಿಡಿಲು ಹೊಡೆದು ಶಕ್ತಿ ಬರುತ್ತದೆ. ಅದೇ ರಾತ್ರಿ ಇನ್ನೊಬ್ಬನಿಗೂ ಬರುತ್ತದೆ. ಗುರು ಸೋಮಸುಂದರಂ ಮಾಡಿದ ಆ ಇನ್ನೊಬ್ಬ ಎಷ್ಟು ನೋವುಂಡವನೆಂದರೆ ಖಳ ಎನ್ನಲು ಮನಸ್ಸು ಬರುವುದಿಲ್ಲ. ಮಲಯಾಳ ತಿಳಿಯುವವರು ಮೂಲವನ್ನೇ ಕೇಳಿ, ಹಳ್ಳಿಯ ಮಾತಿನ ಸವಿ ಅಲ್ಲಿದೆ; ಮಂಗಳೂರಿನಿಂದ ನೆಂಟರು ಬಂದಿದ್ದರೆ ಕನ್ನಡಕ್ಕೆ ಬದಲಿಸಿ. ಎರಡು ಗಂಟೆ ಮೂವತ್ತೆಂಟು ನಿಮಿಷ, ಬೆಂಕಿಯ ದೃಶ್ಯಗಳು ತೀವ್ರ, ಎಂಟು ವರ್ಷ ಮೇಲ್ಪಟ್ಟವರಿಗೆ ಸರಿ.

ಎಷ್ಟು ಒಳ್ಳೆಯ ಚಿತ್ರ ಆರಿಸಿದರೂ ಕೆಡುವುದು ಧ್ವನಿಯಲ್ಲಿ. ಸಂಗೀತ ಕಿವಿ ಒಡೆಯುತ್ತದೆ, ಮಾತು ಕೇಳಿಸುವುದಿಲ್ಲ ಎಂಬ ದೂರು ಬಂದರೆ ಆಡಿಯೊ ಪಟ್ಟಿಯಲ್ಲಿ 5.1 ಆಯ್ಕೆಯಾಗಿದೆಯೇ ನೋಡಿ. ಅದರಲ್ಲಿ ಮಾತು ನಡುವಿನ ಸ್ಪೀಕರಿಗೆ ಮೀಸಲು. ಎರಡೇ ಸ್ಪೀಕರಿನ ಟೀವಿಯಲ್ಲಿ ಅದು ಸೊರಗುತ್ತದೆ. ಬರೀ ಇಂಗ್ಲಿಷ್ ಎಂದಿರುವುದನ್ನು ಆರಿಸಿ, ಟೀವಿಯ ಧ್ವನಿ ಆಯ್ಕೆಯನ್ನು ಸ್ಟೀರಿಯೊಗೆ ಇಡಿ. ಯಾರೋ ಹಿಂದಿನಿಂದ ‘ಹುಡುಗ ಬಾಗಿಲು ತೆರೆಯುತ್ತಾನೆ’ ಎಂದು ಎಲ್ಲವನ್ನೂ ವಿವರಿಸುತ್ತಿದ್ದರೆ ಅದು ಕಣ್ಣು ಕಾಣದವರಿಗೆ ಇರುವ ಆಡಿಯೊ ಡಿಸ್ಕ್ರಿಪ್ಷನ್, ಕೈತಪ್ಪಿ ಒತ್ತಿಹೋಗಿರುತ್ತದೆ. ನೆಟ್‌ಫ್ಲಿಕ್ಸಿನ ಮೊಬೈಲ್ ಪ್ಲಾನು ಟೀವಿಗೆ ಬರುವುದಿಲ್ಲ, ಕೊಳ್ಳುವ ಮುಂಚೆ ತಿಳಿದಿರಲಿ. ಎಚ್‌ಡಿಯಲ್ಲಿ ನೋಡಿದರೆ ಗಂಟೆಗೆ 3 ಜಿಬಿವರೆಗೆ ಹೋಗಬಹುದು. ದಿನಕ್ಕೆ 2 ಜಿಬಿಯ ಮೊಬೈಲ್ ಹಾಟ್‌ಸ್ಪಾಟ್ ನಂಬಿದರೆ ಕೆವಿನ್ ಬಲೆ ಕಟ್ಟುವ ಮುಂಚೆಯೇ ಚಕ್ರ ತಿರುಗಲು ತೊಡಗುತ್ತದೆ. ಬ್ರಾಡ್‌ಬ್ಯಾಂಡ್ ಇದ್ದರೆ ರೂಟರನ್ನೂ ಇನ್ವರ್ಟರಿಗೆ ಸೇರಿಸಿ, ಟೀವಿ ಒಂದನ್ನೇ ಸೇರಿಸಿದರೆ ಕರೆಂಟು ಹೋದಾಗ ಪ್ರಯೋಜನ ಇಲ್ಲ.

ಅಂಗಳದಲ್ಲಿ ಪ್ರೊಜೆಕ್ಟರ್ ಇಡುವವರು ಡಬ್ಬಿಯ ಮೇಲಿನ ಸಾವಿರಗಟ್ಟಲೆ ಲುಮೆನ್ (ಬೆಳಕಿನ ಅಳತೆ) ನಂಬಬೇಡಿ. ಗೊತ್ತಾದ ಕ್ರಮದಲ್ಲಿ ಅಳೆದ ಆನ್ಸಿ ಲುಮೆನ್ ಎಷ್ಟು ಎಂದು ಕೇಳಿ. ಇನ್ನೂರು ಮುನ್ನೂರು ಇದ್ದರೆ ಚಿತ್ರದ ಅಗಲ ಐದಾರು ಅಡಿಗೆ ನಿಲ್ಲಿಸಿ, ನಕ್ಷತ್ರದ ಗೂಡುದೀಪವನ್ನೂ ಆರಿಸಿ, ಆಗ ಬಣ್ಣ ಉಳಿಯುತ್ತದೆ. ಬಟ್ಟೆಯನ್ನು ನಾಲ್ಕೂ ಮೂಲೆಗೆ ಬಿಗಿಯಾಗಿ ಕಟ್ಟಿ, ಹಿಂದೆ ಕಪ್ಪು ಬಟ್ಟೆ ಇದ್ದರೆ ಬೆಳಕು ತೂರಿಹೋಗುವುದಿಲ್ಲ. ಬ್ಲೂಟೂತ್ ಸ್ಪೀಕರಿನಲ್ಲಿ ಮಾತು ತುಟಿಗಿಂತ ಹಿಂದೆ ಬೀಳುತ್ತದೆ, ತಂತಿಯಲ್ಲೇ ಜೋಡಿಸಿ. ಡಿಸೆಂಬರಿನಲ್ಲಿ ಹೊತ್ತು ಆರಕ್ಕೆಲ್ಲ ಕಂತುವ ಕಾರಣ ಏಳಕ್ಕೆ ಶುರು ಮಾಡಬಹುದು. ಒಂಬತ್ತೂವರೆಯ ಮೇಲೆ ಇಬ್ಬನಿ ಬೀಳತೊಡಗುವ ಕಡೆ ಪ್ರೊಜೆಕ್ಟರನ್ನು ಮಾಡಿನ ಕೆಳಗೆ ಇಡಿ.

ರಜೆಯ ಕೊನೆಯ ರಾತ್ರಿಗೆ, ಹೈಸ್ಕೂಲಿನ ಮಕ್ಕಳು ಮತ್ತು ದೊಡ್ಡವರಿಗೆ, ‘ಜ್ವಾಯೆ ನೋಯೆಲ್’ (2005). 1914ರ ಡಿಸೆಂಬರಿನಲ್ಲಿ ಪಶ್ಚಿಮ ರಣರಂಗದ ಕೆಲವೆಡೆ ಸೈನಿಕರು ತಾವೇ ಬಂದೂಕು ಕೆಳಗಿಟ್ಟ ನಿಜ ಘಟನೆಯನ್ನು ಆಧರಿಸಿ ಕ್ರಿಸ್ಟಿಯನ್ ಕಾರಿಯೊನ್ ಮಾಡಿದ ಫ್ರೆಂಚ್ ಚಿತ್ರ. ಫ್ರೆಂಚರು ಫ್ರೆಂಚ್, ಜರ್ಮನರು ಜರ್ಮನ್, ಸ್ಕಾಟ್ಲೆಂಡಿನವರು ಇಂಗ್ಲಿಷ್ ಮಾತಾಡುತ್ತಾರೆ, ಎಲ್ಲರಿಗೂ ಒಂದೇ ಭಾಷೆ ಹಾಕಿದ ಡಬ್ಬಿಂಗ್ ಪ್ರತಿ ಸಿಕ್ಕಿದರೆ ಬಿಟ್ಟುಬಿಡಿ, ಚಿತ್ರದ ಅರ್ಧ ಅಲ್ಲೇ ಹೋಯಿತು. ಮೊದಲ ಎರಡು ನಿಮಿಷ ತಪ್ಪಿಸಬಾರದು: ಮೂರು ದೇಶಗಳ ಮೂವರು ಮಕ್ಕಳು ತರಗತಿಯಲ್ಲಿ ನಿಂತು, ಕಲಿಸಿದ ಹಗೆಯ ಪದ್ಯ ತಡವರಿಸದೆ ಒಪ್ಪಿಸುತ್ತಾರೆ. ಕಂದಕಗಳ ನಡುವೆ ಓಡಾಡುವ ಒಂದು ಬೆಕ್ಕಿಗೆ ಈ ಕಡೆಯವರು ಒಂದು ಹೆಸರಿಟ್ಟಿದ್ದಾರೆ, ಆ ಕಡೆಯವರು ಇನ್ನೊಂದು. ಅದು ಎರಡಕ್ಕೂ ಓಗೊಡುತ್ತದೆ. ಕ್ರಿಸ್ಮಸ್ ರಾತ್ರಿ ಒಂದು ಕಂದಕದ ಬ್ಯಾಗ್‌ಪೈಪಿಗೆ ಇನ್ನೊಂದರ ಹಾಡು ಸೇರುತ್ತದೆ. ಗೆಳೆತನವಾದ ಮೇಲೆ ಗುಂಡು ಹೊಡೆಯುವುದು ಹೇಗೆ, ಮೇಲಧಿಕಾರಿಗಳು ಸುಮ್ಮನಿರುತ್ತಾರೆಯೇ ಎಂಬಲ್ಲಿಗೆ ಚಿತ್ರ ನಿಲ್ಲುವುದಿಲ್ಲ, ಮರುದಿನವನ್ನೂ ಅದರ ಮರುದಿನವನ್ನೂ ತೋರಿಸುತ್ತದೆ. ಯುದ್ಧದ ಸಾವುಗಳಿವೆ, ಪ್ರಣಯದ ಒಂದು ದೃಶ್ಯವಿದೆ. ಎರಡು ಗಂಟೆಗೆ ನಾಲ್ಕು ನಿಮಿಷ ಕಡಿಮೆ. ಮರುದಿನ ಶಾಲೆ ಇರುವುದರಿಂದ ಏಳೂವರೆಯ ಒಳಗೆ ಶುರು ಮಾಡಿ.